ನಡೀನಳ ಕೋಳಿ ಕೇಸು

ಲಾರೆಲ್ ಗ್ಯಾಪ್‌ನಲ್ಲಿ ಕೋರ್ಟಿನ ಎದುರಿಗೇ ನನ್ನ ಪೆಟ್ರೋಲ್ ಬಂಕು. ಒಳಗೆ ಕಾಫಿ, ತಂಬಾಕು, ಗಾಳಕ್ಕೆ ಸಿಕ್ಕಿಸುವ ಎರೆಹುಳು, ಮತ್ತೆ ಗುರುವಾರ ಗುರುವಾರ ಬರುವ ಮೋರೆ ಪತ್ರಿಕೆ. ಆ ವಾರ ನಮ್ಮ ಸೀಮೆಯಲ್ಲಿ ಪೊಲೀಸರು ಹಿಡಿದವರ ಮುಖಗಳನ್ನು ಸಾಲಾಗಿ ಅಚ್ಚು ಹಾಕಿರುತ್ತಾರೆ. ಕೆಂಟಕಿಯಲ್ಲಿ ಬಂಧನವೆಂಬುದು ಮಳೆ ಬಿಸಿಲಿನ ಹಾಗೆ ಎಲ್ಲರ ಸೊತ್ತು, ಯಾರು ಬೇಕಾದರೂ ಕೇಳಿ ಪಡೆಯಬಹುದು. ನಮ್ಮ ಜನ ಮೊದಲು ತಂತಮ್ಮ ನೆಂಟರನ್ನು ಹುಡುಕುತ್ತಾರೆ, ಸಿಗದಿದ್ದರೆ ಕೊಂಚ ನಿರಾಸೆಯಿಂದಲೇ ಕಾಫಿ ಕೊಳ್ಳುತ್ತಾರೆ. ಹಿಡಿದ ಸುದ್ದಿಗೆ ಗಿರಾಕಿ ಉಂಟು, ಬಿಟ್ಟ ಸುದ್ದಿಗಿಲ್ಲ. ಹಾಗಾಗಿ ಬಿಡುಗಡೆಯಾದವರ ಮುಖ ಅದರಲ್ಲಿ ಬಂದದ್ದನ್ನು ನಾನಂತೂ ಕಂಡಿಲ್ಲ.

ನಡೀನ್ ಟ್ಯಾಕೆಟ್‌ಳ ಮುಖ ಒಮ್ಮೆ ಬಂದಿತ್ತು, ತಲೆಗೆ ಅಡುಗೆಮನೆಯ ಜಾಲರಿ ಟೊಪ್ಪಿಯ ಸಮೇತ.

ನಡೀನ್ ನಮ್ಮ ಶಾಲೆಯ ಅಡುಗೆಯವಳು. ಗಂಡ ಗಣಿಯ ಧೂಳು ತಿಂದು ಸತ್ತ, ಮಕ್ಕಳಿಲ್ಲ. ಊರಿನ ಅರ್ಧ ಜನ ಅವಳ ಕೈಯ ಬನ್ನು ತಿಂದು ಬೆಳೆದವರು. ಅವರಲ್ಲಿ ಕೆಲವರು ಮುಂದೆ ಮೋರೆ ಪತ್ರಿಕೆಗೂ ಬಂದರು, ಅದು ಬನ್ನಿನ ತಪ್ಪಲ್ಲ. ಯಾವ ಮಗು ಮನೆಯಲ್ಲಿ ಉಪವಾಸವಿದ್ದು ಬಂದಿದೆಯೆಂದು ಅವಳು ತಟ್ಟೆ ಹಿಡಿದ ರೀತಿಯಲ್ಲೇ ತಿಳಿದು, ಮಾತಿಲ್ಲದೆ ಇನ್ನೊಂದು ಹಾಕುತ್ತಿದ್ದಳು. ಆ ಅಡುಗೆಮನೆ ಬಿಟ್ಟರೆ ಅವಳಿಗೆ ಹೋಗಲು ಇದ್ದ ಜಾಗ ಬ್ಯಾಪ್ಟಿಸ್ಟ್ ಚರ್ಚು ಮಾತ್ರ.

ಒಂದು ಬೇಸಿಗೆ ರಜೆಯಲ್ಲಿ ಬಿರುಗಾಳಿಗೆ ಕರೆಂಟು ಹೋಗಿ ಶಾಲೆಯ ಫ್ರೀಜರ್ ಕರಗತೊಡಗಿತು. ಹೆಡ್ಮಾಸ್ತರ ಬರ್ಚೆಟ್ ಸಮುದ್ರತೀರಕ್ಕೆ ಹೊರಟಿದ್ದವನು ಫೋನಿನಲ್ಲಿ, ಹಾಳಾಗುವ ಮೊದಲು ಕೋಳಿಯನ್ನೆಲ್ಲ ಚರ್ಚಿನ ದಾಸೋಹಕ್ಕೆ ಕೊಟ್ಟುಬಿಡು ಎಂದ. ಇವಳು ಪೆಟ್ಟಿಗೆಗಳನ್ನು ಕಾರಿಗೆ ತುಂಬುತ್ತಿರುವಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಪೊಲೀಸಿನವನೊಬ್ಬ ಬಂದ. ಬರ್ಚೆಟ್‌ನ ಫೋನು ಹತ್ತಲಿಲ್ಲ. ಪೊಲೀಸಿನವನಿಗೆ ಅದು ಮೊದಲ ಬೇಟೆ. ಕೋಳಿಯೋ ಹೆಂಗಸೋ, ಏನಾದರೇನು. ಕೈಕೋಳ ಹಾಕಿಯೇ ಕರೆದೊಯ್ದ. ಬರ್ಚೆಟ್ ಮರಳಿ ಬಂದು ಜಡ್ಜಿನ ಎದುರು ಹೇಳಿದ ಮೇಲೆ ಕೇಸು ವಜಾ ಆಯಿತು. ಅಷ್ಟರಲ್ಲಿ ಗುರುವಾರ ಬಂದು ಹೋಗಿತ್ತು. ಆ ವಾರ ನನ್ನಲ್ಲಿ ಮೋರೆ ಪತ್ರಿಕೆಯ ಒಂದು ಪ್ರತಿಯೂ ಉಳಿಯಲಿಲ್ಲ.

ಶಾಲೆ ಅವಳನ್ನು ಮರಳಿ ಕರೆಯಿತು. ಆದರೂ ಕೋರ್ಟಿನ ಕಡತದಲ್ಲಿ ತನ್ನ ಹೆಸರಿನ ಮುಂದೆ ಕಳ್ಳತನವೆಂದು ಕೂತಿರುವುದು ಅವಳಿಗೆ ಸಹಿಸಲಾಗಲಿಲ್ಲ. ವಕೀಲನನ್ನು ಹಿಡಿದು ಆ ದಾಖಲೆಯನ್ನೇ ಅಳಿಸಿಹಾಕುವ ಕೋರ್ಟಿನ ಆಜ್ಞೆ ಮಾಡಿಸಿಕೊಂಡಳು. ಇನ್ನು ಮೇಲೆ ಯಾರು ಕೇಳಿದರೂ ಬಂಧನವೇ ಆಗಿಲ್ಲ ಎನ್ನಬಹುದು, ಕಾನೂನೇ ಹಾಗೆ ಹೇಳುತ್ತದೆ ಎಂದ ವಕೀಲ, ಆಜ್ಞೆಯ ಪ್ರತಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೋ ಎಂದಿದ್ದ.

ನಡೀನ್ ಅದನ್ನು ಜೋಪಾನವಾಗಿ ಹಿತ್ತಲಿನ ಕಸ ಸುಡುವ ಪೀಪಾಯಿಗೆ ಹಾಕಿ ಬೆಂಕಿ ಹಚ್ಚಿದಳು. ನಮ್ಮವರ ತರ್ಕವೇ ಹಾಗೆ. ದೀಕ್ಷಾಸ್ನಾನಕ್ಕೆ ಹೊಳೆಯಲ್ಲಿ ಮುಳುಗಿ ಎದ್ದ ಮೇಲೆ ಹಳೆಯ ಪಾಪ ನೀರಿನ ಪಾಲು, ಅದನ್ನು ಮತ್ತೆ ಎತ್ತುವವನು ಕರ್ತನನ್ನೇ ನಂಬದವನು. ಅಳಿಸಿದ್ದಕ್ಕೆ ಸಾಕ್ಷಿ ಇಟ್ಟುಕೊಂಡರೆ ಅಳಿಸಿದ ಹಾಗೆಲ್ಲಿ ಆಯಿತು? ಅವಳು ಚರ್ಚಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ಆಮೆನ್ ಅಂದರು. ನಾನೂ ಅಂದೆ.

ಹೋದ ವರ್ಷ ಶಾಲೆಯ ಅಡುಗೆಯನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿದರು. ಇದ್ದವರೆಲ್ಲ ಹೊಸದಾಗಿ ಅರ್ಜಿ ಹಾಕಬೇಕು. ಯಾವಾಗಲಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆಗೆ ವಕೀಲ ಹೇಳಿಕೊಟ್ಟಂತೆ ನಡೀನ್ ಇಲ್ಲವೆಂದು ಬರೆದಳು. ಕಂಪನಿಯವರು ಅರ್ಜಿದಾರರ ಪೂರ್ವಾಪರ ಹುಡುಕಿಸಿದರು. ಕೋರ್ಟಿನಲ್ಲಿ ಏನೂ ಇರಲಿಲ್ಲ. ಆದರೆ ಅಂತರ್ಜಾಲದಲ್ಲಿ ಆ ಮೋರೆ ಪತ್ರಿಕೆಯ ಪುಟ ಹಾಗೇ ಇತ್ತು: ಜಾಲರಿ ಟೊಪ್ಪಿ, ಕಳ್ಳತನ, ಮುಂದೇನಾಯಿತೆಂಬ ಮಾತೇ ಇಲ್ಲ.

ಕಂಪನಿಯ ಹುಡುಗಿ ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದಳಂತೆ. ಬಂಧನವಾದದ್ದಕ್ಕೆ ನಮ್ಮ ತಕರಾರಿಲ್ಲ ಮ್ಯಾಮ್, ಸುಳ್ಳು ಬರೆದದ್ದಕ್ಕೆ. ಕೇಸು ವಜಾ ಆದ ಪತ್ರ ಕೋರ್ಟಿನಿಂದ ಶುಕ್ರವಾರದೊಳಗೆ ತನ್ನಿ, ಕೆಲಸ ನಿಮ್ಮದೇ. ಬರ್ಚೆಟ್ ತಾನೇ ಫೋನು ಮಾಡಿ ನಡೆದದ್ದನ್ನು ಹೇಳಿದ. ಅವನಿಗೂ ಅದೇ ಉತ್ತರ.

ನಡೀನ್ ಕೋರ್ಟಿಗೆ ಹೋದ ದಿನ ನಾನೂ ಅಲ್ಲಿದ್ದೆ, ಬಂಕಿನ ಪರವಾನಗಿಯ ಕೆಲಸಕ್ಕೆ. ಕಿಟಕಿಯ ಆಚೆ ಗುಮಾಸ್ತೆ ಓಲೀಟಾ ಸೈಜ್‌ಮೋರ್, ನಡೀನಳ ಗಂಡನ ಚಿಕ್ಕಪ್ಪನ ಮಗಳು. ಚರ್ಚಿನಲ್ಲಿ ಇಬ್ಬರದೂ ಒಂದೇ ಬೆಂಚು. ಅಂದು ವಜಾ ಆದ ಕೇಸಿಗೆ ಮುದ್ರೆ ಒತ್ತಿದವಳೂ ಇವಳೇ.

ಓಲೀಟಾ ಕಂಪ್ಯೂಟರ್ ನೋಡಿದಳು. ಮುಖ ಎತ್ತಲಿಲ್ಲ.

"ಆ ಹೆಸರಲ್ಲಿ ಯಾವ ದಾಖಲೇನೂ ಇಲ್ಲ, ನಡೀನ್."

"ಇಲ್ಲ ಅಂತ ನಂಗೂ ಗೊತ್ತು ಕಣೇ. ಇತ್ತು, ವಜಾ ಆಯ್ತು ಅಂತ ಒಂದ್ ಸಾಲು ಬರ್ಕೊಡು."

"ಇತ್ತು ಅಂತ ನಾನು ಬಾಯಿ ಬಿಡೋ ಹಾಗೇ ಇಲ್ಲ. ಆಜ್ಞೇಲೇ ಹಾಗಿದೆ. ಬಿಟ್ಟರೆ ನನ್ನ ಕೆಲಸ ಹೋಗತ್ತೆ."

"ಜೈಲಿಂದ ನನ್ನನ್ನ ಮನೆಗೆ ಕರ್ಕೊಂಡು ಬಂದೋಳು ನೀನೇ ಅಲ್ವೇನೇ? ನಿನ್ನ ಕಾರಲ್ಲಿ ಅಳ್ತಾ ಕೂತಿದ್ದೆ."

ಓಲೀಟಾ ಕಿವುಡರಿಗೆ ಹೇಳುವ ಹಾಗೆ ನಿಧಾನವಾಗಿ, "ಆ ಹೆಸರಲ್ಲಿ ಯಾವ ದಾಖಲೇನೂ ಇಲ್ಲ" ಎಂದಳು. ಕಣ್ಣು ಮಾತ್ರ ತುಂಬಿತ್ತು.

ವಕೀಲನ ಪ್ರತಿ? ಅವನು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ, ಕಚೇರಿಯ ಕಾಗದವೆಲ್ಲ ಪ್ರವಾಹದಲ್ಲಿ ಹೋಗಿತ್ತು. ಮೋರೆ ಪತ್ರಿಕೆಯವರು ಕೋರ್ಟಿನ ಕಾಗದ ತೋರಿಸಿದರೆ ಪುಟ ತೆಗೆಯುತ್ತೇವೆ ಅಂದರು. ಇಲ್ಲದ ಕೇಸಿಗೆ ಕೋರ್ಟು ಕಾಗದ ಕೊಡುವುದಿಲ್ಲ. ನಾನು ಆಯುಷ್ಯವಿಡೀ ವ್ಯಾಪಾರ ಮಾಡಿದವನು, ಇಷ್ಟು ಅಚ್ಚುಕಟ್ಟಾದ ಬೀಗ ಯಾವ ಅಂಗಡಿಯಲ್ಲೂ ನೋಡಿಲ್ಲ. ಶುಕ್ರವಾರ ಬಂತು, ಹೋಯಿತು. ಕೆಲಸ ಬೇರೆ ಊರಿನ ಹೆಂಗಸೊಬ್ಬಳಿಗಾಯಿತು. ಈಗ ಶಾಲೆಯ ಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ.

ನಡೀನಳನ್ನು ನನ್ನ ಬಂಕಿನ ಅಡುಗೆಗೆ ಕರೆದೆ. ದಯೆಯಿಂದ ಅಂದುಕೊಳ್ಳಬೇಡಿ, ಅವಳ ಬನ್ನಿಗೆ ಗಿರಾಕಿ ಉಂಟು. ಮೊದಲ ದಿನ ಗಲ್ಲಾದ ಪಕ್ಕದ ಮೋರೆ ಪತ್ರಿಕೆಯ ಕಟ್ಟನ್ನು ನೋಡಿ, "ಹೋಬರ್ಟ್, ನೀನು ಇದನ್ನೂ ಮಾರ್ತೀಯ, ನನ್ನನ್ನೂ ಮಾರ್ತೀಯ" ಎಂದಳು. ಒಳಗಿನ ಒಲೆಯೇ ಸಾಕು, ಗಲ್ಲಾದ ಕಡೆ ಬರುವುದಿಲ್ಲ ಎಂದಳು. ಶಾಲೆ ಶುರುವಾದ ದಿನ ಹಳದಿ ಬಸ್ಸು ಡೀಸೆಲ್‌ಗೆ ನಿಂತಿತು. ಮಕ್ಕಳು ಕಿಟಕಿಯಿಂದ ಮಿಸ್ ನಡೀನ್, ಮಿಸ್ ನಡೀನ್ ಎಂದು ಕೂಗಿದರು. ಬಸ್ಸು ಹೊರಡುವ ತನಕ ಅವಳು ಐಸ್ ಪೆಟ್ಟಿಗೆಯ ಹಿಂದೆ ನಿಂತಿದ್ದಳು.

ಓಲೀಟಾ ಮೊದಮೊದಲು ರಸ್ತೆ ದಾಟಲಿಲ್ಲ. ಮೊನ್ನೆ ಬಂದಳು. ನಾನು ಗಿರಾಕಿಯೊಬ್ಬನ ಜೊತೆ ಇದ್ದುದರಿಂದ ಒಳಗಿನ ಕಿಂಡಿಯ ಹತ್ತಿರವೇ ಹೋಗಿ, ಎರಡು ಬನ್ನು ಕೊಡು ಎಂದಳು.

ನಡೀನ್ ಹಿಟ್ಟಿನಿಂದ ಮುಖ ಎತ್ತಲಿಲ್ಲ. ಹಿಂದಿನ ಹಲಗೆಯ ಮೇಲೆ ಬನ್ನಿನ ರಾಶಿ ಹಬೆಯಾಡುತ್ತಿತ್ತು.

"ಬನ್ನು ಮಾಡಿದ ದಾಖಲೆ ನಮ್ಮಲ್ಲಿ ಯಾವ್ದೂ ಇಲ್ಲ" ಎಂದಳು.

ಗಿರಾಕಿ ನಕ್ಕ. ಅವರಿಬ್ಬರೂ ನಗಲಿಲ್ಲ. ಓಲೀಟಾ ಕೈಯಲ್ಲಿ ನೋಟು ಹಿಡಿದುಕೊಂಡೇ ಮತ್ತೆ ರಸ್ತೆ ದಾಟಿ ಕೋರ್ಟಿನೊಳಕ್ಕೆ ಹೋದಳು.