ರೇಷ್ಮೆಗೂಡಿನ ಫೇಶಿಯಲ್ಲೂ ಚಿಕ್ಕಮ್ಮನ ಕೈಯೂ

“ಈ ಕೈನ ಫೋಟೋದಲ್ಲಿ ಹೇಗಮ್ಮಾ ತೋರ್ಸೋದು? ಒಳ್ಳೆ ಸ್ಕಿನ್ ಇರೋರನ್ನ ಕರ್ಕೊಂಡ್ ಬರೋದಲ್ವಾ?”

ಹೀಗೆಂದದ್ದು ಬೇರೆ ಯಾರೂ ಅಲ್ಲ ಗೆಳೆಯರೇ, ಇವತ್ತು ದೇವನಹಳ್ಳಿಯಲ್ಲಿ ನಮ್ಮಂಥ ಪಾರ್ಲರ್‌ನವರಿಗೆ ಚರ್ಮದ ಆರೈಕೆ, ಚೇತರಿಕೆ ಚಿಕಿತ್ಸೆಯ ಉನ್ನತ ತರಬೇತಿ ಕೊಟ್ಟ ಮೇಡಂ. ಪ್ರಾಕ್ಟಿಕಲ್‌ಗೆ ತಲಾ ಒಬ್ಬರನ್ನು ಕರೆತನ್ನಿ ಎಂದಿದ್ದರು. ನಾನು ಪಕ್ಕದ ವಿಜಯಪುರದಿಂದ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಇಪ್ಪತ್ತು ವರ್ಷದಿಂದ ಸುಡುನೀರಿಗೆ ಕೈಹಾಕಿ ರೇಷ್ಮೆಗೂಡಿನ ನೂಲು ತೆಗೆಯುವವಳು. ಬೆರಳ ಸಂದಿಯೆಲ್ಲ ಸುಲಿದು ಕೆಂಪಾಗಿದೆ.

“ಒಳ್ಳೆ ಸ್ಕಿನ್ ಇರೋರಿಗೆ ಚಿಕಿತ್ಸೆ ಯಾಕೆ ಮೇಡಂ?” ಎಂದೆ. ಮೇಡಂ ಪಕ್ಕದವರ ಕಡೆ ತಿರುಗಿದರು. ಚಿಕ್ಕಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂತಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಮೇಡಂ ಒಂದು ಚಂದದ ಡಬ್ಬಿ ತೆರೆದರು. ಒಳಗೆ ರೇಷ್ಮೆಗೂಡು! ನೀರಲ್ಲಿ ನೆನೆಸಿ, ಬೆರಳಿಗೆ ಸಿಕ್ಕಿಸಿಕೊಂಡು ಮುಖ ಉಜ್ಜಬೇಕಂತೆ. “ಫಾರಿನ್ ಸೀಕ್ರೆಟ್ ಇದು. ಅಲ್ಲಿ ನೂಲು ತೆಗೆಯೋ ಹೆಂಗಸ್ರ ಕೈ ಮಗು ಕೈ ಥರ ಇರುತ್ತೆ,” ಎಂದರು.

ಹಿಂದಿನ ಸಾಲಿನಿಂದ ಚಿಕ್ಕಮ್ಮ ಎದ್ದು ಬಂದಳು. ಎರಡೂ ಅಂಗೈಗಳನ್ನು ಮೇಡಂ ಮುಂದೆ ಚಾಚಿದಳು.

“ಇಪ್ಪತ್ತು ವರ್ಷದಿಂದ ಅದೇ ನೀರಲ್ಲಿ ಕೈ ಇಟ್ಕೊಂಡಿವ್ನಿ ಕಣವ್ವ. ಎಲ್ಲಿ, ಮುಟ್ಟಿ ನೋಡು.”

ಮೇಡಂ ಮುಟ್ಟಲಿಲ್ಲ. ಟೀ ಬ್ರೇಕ್ ಎಂದರು.

ರೇಷ್ಮೆಗೂಡಿನ ಫೇಶಿಯಲ್ ಬೇಕಾದವರು ದಯವಿಟ್ಟು ನನ್ನ ಪಾರ್ಲರ್‌ಗೆ ಬರಬೇಡಿ. ನಾಳೆ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಕೆಲಸಕ್ಕೆ ಹೋಗಿ. ಒಲೆ ಮೇಲೆ ನೀರು ಕುದಿಯುತ್ತಿರುತ್ತದೆ, ಆರಾಮಾಗಿ ಕೈ ಅದ್ದಿ.