ಮಹಡಿ ಮನೆ ಆಂಟಿ ಮತ್ತು ಕಾಯಿಲಿನ ಸಿಟ್ಟು

ಮಹಡಿ ಮನೆ ಆಂಟಿಯ ಬಲಗೈ ತೋರುಬೆರಳ ತುದಿ ಗಾಜಿನಂತೆ ನುಣುಪಾಗಿತ್ತು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕಿ, ಸುಟ್ಟು ಸುಟ್ಟು, ಅಲ್ಲಿ ಗೆರೆಗಳೇ ಉಳಿದಿರಲಿಲ್ಲ. ಪಿಂಚಣಿಗಾಗಿ ಬದುಕಿದ್ದೇನೆಂದು ತೋರಿಸಲು ಹೋದಾಗಲೆಲ್ಲ ಬೆರಳಚ್ಚಿನ ಯಂತ್ರ ತಕರಾರು ತೆಗೆಯುತ್ತಿತ್ತು. "ನಾನು ಬದುಕೇ ಇಲ್ವಂತೆ ಕಣೇ," ಎಂದು ನಗುತ್ತಾ ಮೆಟ್ಟಿಲು ಹತ್ತುತ್ತಿದ್ದರು.

ಟಿ. ದಾಸರಹಳ್ಳಿಯಲ್ಲಿ ನಮ್ಮದು ಅವರ ಕೆಳಗಿನ ಮನೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನಾನು ಮದುವೆ, ಮಗು ಎಂದು ಆರು ವರ್ಷ ಮನೆಯಲ್ಲಿದ್ದು, ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಪ್ಯಾಕಿಂಗಿಗೆ ಸೇರಿದ್ದೆ. ಡಿಸೈನಿಗೆ ಹಾಕಿ ಎಂದು ಮಾಲೀಕರ ತಲೆ ತಿಂದೂ ತಿಂದೂ, ಕೊನೆಗೆ ಅವರೊಂದು ಸೊಲೆನಾಯ್ಡ್ ಕೈಗಿಟ್ಟರು. ತಂತಿ ಸುತ್ತಿದ ಕಾಯಿಲ್ ಅದು. ಕರೆಂಟ್ ಹರಿದರೆ ಒಳಗಿನ ಕಬ್ಬಿಣದ ಕಡ್ಡಿಯನ್ನು ಟಕ್ಕೆಂದು ಎಳೆದುಕೊಳ್ಳುತ್ತದೆ. "ಸೋಮವಾರ ಇದನ್ನ ಓಡಿಸೋ ಸರ್ಕ್ಯೂಟ್ ತಗೊಂಬನ್ನಿ. ಆಗ್ಲಿಲ್ವಾ, ಪ್ಯಾಕಿಂಗೇ ಗಟ್ಟಿ," ಅಂದರು.

ಸ್ವಿಚ್ಚಿನ ಕೆಲಸ ಮಾಡಲು ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್; ಇಷ್ಟೇ ತಾನೇ ಎಂದುಕೊಂಡೆ. ಶನಿವಾರ ಒಂದೇ ದಿನ ಮೂರು ಟ್ರಾನ್ಸಿಸ್ಟರ್ ಸತ್ತವು. ಒಂದಿಷ್ಟು ಸಲ ಟಕ್ ಟಕ್, ಆಮೇಲೆ ಉಸಿರೇ ಇಲ್ಲ. ಭಾನುವಾರ ಬೆಳಿಗ್ಗೆ ಅಳುಮುಖ ಹೊತ್ತು ಮಹಡಿ ಹತ್ತಿದೆ. ಅವರೆಕಾಯಿ ಸುಲಿಯುತ್ತಿದ್ದ ಆಂಟಿ ನಾನು ಒಯ್ದ ಬೋರ್ಡನ್ನು ತಿರುಗಿಸಿ ನೋಡಿದರು.

"ಕರೆಂಟ್ ಕೊಡೋದಷ್ಟೇ ಯೋಚ್ನೆ ಮಾಡಿದೀಯ. ನಿಲ್ಲಿಸ್ದಾಗ? ಕಾಯಿಲ್‌ಗೆ ಸಿಟ್ಟು ಬರೋದೇ ಆವಾಗ. ಎಲ್ಲಾ ಟ್ರಾನ್ಸಿಸ್ಟರ್ ಮೇಲೆ ತೀರಿಸ್ಕೊಳುತ್ತೆ. ಅದು ತನ್ನಲ್ಲೇ ಸುತ್ತಿ ತಣ್ಣಗಾಗೋಕೆ ದಾರಿ ಬಿಡು."

ದಾರಿ ಎಂದರೆ ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ, ಮರೆತಿದ್ದೆ. ನಾಚಿಕೆಯಾಯಿತು. ಕಾಯಿಲಿನ ಎರಡು ತುದಿಗಳ ನಡುವೆ ಅದನ್ನು ಬೆಸೆದೆ. ಡಯೋಡಿನ ಬಿಳಿ ಪಟ್ಟಿ ಪ್ಲಸ್ ಕಡೆಗೇ ಇದೆಯಾ ಎಂದು ಅವರು ಎರಡು ಸಲ ಕೇಳಿದರು.

ಪರೀಕ್ಷಿಸುವುದಕ್ಕೆ ಅವರದ್ದೇ ಪದ್ಧತಿ. ನಾನೊಮ್ಮೆ ಟಕ್ ಅನ್ನಿಸಿದರೆ ಅವರು ಒಂದು ಅವರೆಕಾಯಿ ಸುಲಿಯುತ್ತಿದ್ದರು. ಮಧ್ಯಾಹ್ನಕ್ಕೆ ಬುಟ್ಟಿ ಖಾಲಿಯಾಯಿತು. ಟ್ರಾನ್ಸಿಸ್ಟರ್ ಇನ್ನೂ ಜೀವಂತ. ಖುಷಿಗೆ ತಬ್ಬಿಕೊಂಡೆ. "ಬಿಡೇ, ಕಾಳು ಚೆಲ್ಲುತ್ತೆ!"

ಸರ್ಕ್ಯೂಟಿನ ನಕ್ಷೆಯನ್ನು ಕಾರ್ಖಾನೆಯ ಹಾಳೆಯಲ್ಲಿ ಬರೆದೆ. ಅದರ ಮೂಲೆಯಲ್ಲಿ ಎರಡು ಚೌಕಗಳಿದ್ದವು: ರಚಿಸಿದವರು, ಪರಿಶೀಲಿಸಿದವರು. ಮೊದಲನೆಯದರಲ್ಲಿ ನನ್ನ ಹೆಸರು ಬರೆದು ಪೆನ್ನನ್ನು ಅವರತ್ತ ಚಾಚಿದೆ. ಅವರು ಹಿಂದೆ ಸರಿದರು.

"ನಾನ್ಯಾರೇ ಇದಕ್ಕೆ? ಬೇರೆಯವ್ರ ಡ್ರಾಯಿಂಗ್ ನೋಡ್ಕೊಂಡು ವೈರ್ ಹಾಕ್ದೋಳು. ತಪ್ಪಿದ್ರೆ ಹೇಳ್ತಿದ್ದೆ, ಅವ್ರು ತಿದ್ಕೊಂಡು ಅವ್ರೇ ಸೈನ್ ಹಾಕೋರು."

"ಇದ್ರ ತಪ್ಪು ಹಿಡಿದೋರು ನೀವು. ನೀವೇ ಹಾಕ್ಬೇಕು ಆಂಟಿ."

ಸೆರಗಿಗೆ ಕೈ ಒರೆಸಿಕೊಂಡು, ಕನ್ನಡದಲ್ಲಿ, ನಿಧಾನವಾಗಿ, ಪೂರ್ತಿ ಹೆಸರು ಬರೆದರು.

ಸೋಮವಾರ ಸರ್ಕ್ಯೂಟ್ ಓಡಿತು. "ಇವ್ರು ಎಲ್ಲಿಯ ಇಂಜಿನಿಯರು?" ಎಂದು ಎರಡನೇ ಚೌಕದ ಹೆಸರು ತೋರಿಸಿ ಮಾಲೀಕರು ಕೇಳಿದರು. "ನಮ್ ಮಹಡಿ ಮನೆಯವ್ರು ಸಾರ್," ಎಂದೆ. ನಕ್ಕರು, ಆದರೆ ಅಳಿಸಿ ಎನ್ನಲಿಲ್ಲ. ಮಾರನೆಯ ದಿನವೇ ಡಿಸೈನ್ ವಿಭಾಗದಲ್ಲಿ ನನಗೊಂದು ಮೇಜು ಸಿಕ್ಕಿತು.

ಆಂಟಿ ತೀರಿಹೋಗಿ ಎರಡು ವರ್ಷವಾಯಿತು. ಆ ಸರ್ಕ್ಯೂಟ್ ಈಗಲೂ ತಯಾರಾಗುತ್ತಿದೆ, ಪ್ರತಿ ಪೆಟ್ಟಿಗೆಯಲ್ಲೂ ಆ ನಕ್ಷೆಯ ಪ್ರತಿ ಇರುತ್ತದೆ. ಮೊನ್ನೆ ಅತ್ತಿಬೆಲೆಯ ಕಾರ್ಖಾನೆಯೊಂದರಿಂದ ಯಾರೋ ಫೋನ್ ಮಾಡಿ, ಅವರ ಹೆಸರನ್ನು ಪೂರ್ತಿಯಾಗಿ ಹೇಳಿ, "ಆ ಇಂಜಿನಿಯರ್ ಮೇಡಂ ಇದಾರಾ? ಒಂದು ಡೌಟ್ ಇತ್ತು," ಎಂದರು.

ನಕ್ಷೆಯ ಪ್ರತಿಯನ್ನು ಎದುರಿಗೆ ಎಳೆದುಕೊಂಡೆ.

"ಅವ್ರಿಲ್ಲ ಸಾರ್. ಅವ್ರು ಕಲಿಸಿದೋಳು ಇದೀನಿ, ಕೇಳಿ," ಅಂದೆ.