ಬಾಗಿಲಲ್ಲಿ ನಿಂತ ಇನ್ನೊಬ್ಬಳು

ಮೊಮ್ಮಕ್ಕಳೇ, ಓಂಕಾರ, ಶ್ರಾವಣಿ, ಕೇಳಿ. ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೂ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ಆಗ ನಾವು ಮುಂಬೈ ಹತ್ತಿರದ ಠಾಕುರ್ಲಿಯಲ್ಲಿದ್ದೆವು. ಶ್ರಾವಣಿ ಹುಟ್ಟಿರಲಿಲ್ಲ. ಓಂಕಾರ, ನೀನು ಒಂದನೇ ಕ್ಲಾಸು. ಮಳೆಗಾಲದ ನೆಗಡಿ ನಿನ್ನನ್ನು ಬಿಟ್ಟೇ ಇರಲಿಲ್ಲ. ಹಳದಿ ಸಿಂಬಳ, ಹಣೆನೋವು. ಅಂದು ನಿಮ್ಮ ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ ನಿನ್ನ ಎಡಗಣ್ಣು ಬಾತು ಮುಚ್ಚಿಕೊಂಡಿತು. ಮೈ ಸುಡುತ್ತಿತ್ತು.

ಪಕ್ಕದ ಮನೆಯ ಮರಾಠಿ ಹೆಂಗಸು ಇಣುಕಿ, "ಆಜಿ, ಡೋಳೆ ಆಲೇತ! ಹೀರೋಲಾ ಕಾಳಾ ಚಷ್ಮಾ ದ್ಯಾ" ಎಂದಳು; ಕಣ್ಣು ಬಂದಿದೆ, ಹೀರೋಗೆ ಕಪ್ಪು ಕನ್ನಡಕ ಕೊಡಿ ಎಂದು ನಕ್ಕಳು. ಫೋನಿನಲ್ಲಿ ನಿಮ್ಮಮ್ಮನೂ, "ಕಣ್ಣು ಬಂದಾವ ಬಿಡ್ರಿ ಅತ್ತಿ, ಸಂಜೀಕ ಬಂದು ತೋರಸ್ತೀನಿ" ಎಂದಳು. ಕಣ್ಣುಬೇನೆಗೆ ಅವರೂ ಕಣ್ಣು ಬಂದಿದೆ ಎನ್ನುತ್ತಾರೆ, ನಾವೂ ಅದನ್ನೇ ಎನ್ನುತ್ತೇವೆ. ಎರಡು ಭಾಷೆಗೂ ಒಂದೇ ಮಾತು. ಯಾರಿಗೂ ಅನುಮಾನ ಬರಲಿಲ್ಲ.

ನನಗೆ ಬಂತು. ಕಣ್ಣು ಬಂದ ಮಕ್ಕಳು ಪಿಸುರು, ನೀರು ಸುರಿಸಿಕೊಂಡೇ ಆಡುತ್ತಿರುತ್ತವೆ. ನೀನು ತಲೆ ಎತ್ತುತ್ತಿರಲಿಲ್ಲ. ಆದರೆ ಒಬ್ಬಳೇ ಡಾಕ್ಟರರ ಮುಂದೆ ನಿಂತು ಮಾತಾಡಿದವಳಲ್ಲ ನಾನು. ನಿನ್ನ ಪಕ್ಕ ನೆಲದ ಮೇಲೆ ಕುಳಿತು, ಬೆರಳಿನಿಂದ ಮೆಲ್ಲಗೆ ರೆಪ್ಪೆ ಎತ್ತಿದೆ.

"ಅಜ್ಜಿ, ನೀ ದೋನ್ ಇದ್ದೀ" ಎಂದೆ ನೀನು. "ಒಬ್ಬಾಕಿ ಕುಂತಾಳ. ಇನ್ನೊಬ್ಬಾಕಿ ಚಪ್ಪಲ್ ಹಾಕ್ಕೊಂಡು ಬಾಗಿಲದಾಗ ನಿಂತಾಳ. ಚಲ್, ಚಲ್ ಅಂತಾಳ."

ತಿರುಗಿ ನೋಡಿದೆ. ಬಾಗಿಲು ಮುಚ್ಚಿತ್ತು, ಅಲ್ಲಿ ಯಾರೂ ಇರಲಿಲ್ಲ. ನಾನು ಎದ್ದೆ. ಚಪ್ಪಲಿ ಮೆಟ್ಟಿ, ನಿನ್ನನ್ನು ಹೆಗಲಿಗೆ ಹಾಕಿಕೊಂಡು ರಿಕ್ಷಾ ಹಿಡಿದು ಡೊಂಬಿವಲಿಯ ದೊಡ್ಡ ಆಸ್ಪತ್ರೆಗೆ ಹೋದೆ.

ಅಲ್ಲಿ ಕೌಂಟರಿನವನೂ ನಿನ್ನನ್ನು ನೋಡಿ, "ಡೋಳೆ ಆಲೇತ ನಾ? ಬಸಾ ತಿಕಡೆ" ಎಂದು ಬೆಂಚು ತೋರಿಸಿದ. ನಾನು ಕೂರಲಿಲ್ಲ. "ಕಣ್ಣು ಬಂದಿಲ್ಲೋ ತಮ್ಮಾ, ಕಣ್ಣು ಹೊಂಟದ!" ಎಂದು ಕೂಗಿದೆ. ಅವನಿಗೆ ತಿಳಿಯಿತೋ ಇಲ್ಲವೋ, ಒಳಗಿದ್ದ ಡಾಕ್ಟರು ಹೊರಗೆ ಬಂದರು. ಅವರು ಬೆರಳು ಆಡಿಸಿದಂತೆ ನಿನ್ನ ಬಲಗಣ್ಣು ಆಡಿತು, ಎಡಗಣ್ಣು ಆಡಲಿಲ್ಲ.

ಸ್ಕ್ಯಾನು ಮಾಡಿದರು. ಮೂಗಿನ ಪಕ್ಕದ ಸೈನಸ್ಸಿನಲ್ಲಿ ತುಂಬಿದ ಕೀವು ಕಣ್ಣಿನ ಗೂಡಿಗೆ ಇಳಿದಿತ್ತು. ನಿನ್ನ ಅಪ್ಪ ಅಮ್ಮ ಓಡಿಬರುವಷ್ಟರಲ್ಲಿ ಆಪರೇಷನ್ನಿಗೆ ಎಲ್ಲ ಸಿದ್ಧವಾಗಿತ್ತು. ಇನ್ನೂ ತಡಮಾಡಿದ್ದರೆ ದೃಷ್ಟಿ ಹೋಗುತ್ತಿತ್ತು, ಸೋಂಕು ಮೆದುಳಿಗೂ ಏರಬಹುದಿತ್ತು ಎಂದರು ಡಾಕ್ಟರು. ನಿನ್ನ ಕಣ್ಣು ಉಳಿಯಿತು.

ಇಬ್ಬರು ಅಜ್ಜಿಯರು ಕಂಡರೆಂಬ ನಿನ್ನ ಮಾತು ಹೇಳಿದಾಗ ಅವರು ನಕ್ಕರು. ಕೀವು ಒತ್ತಿ ಕಣ್ಣು ಸರಿದರೆ ಒಂದು ಎರಡಾಗಿ ಕಾಣುತ್ತದಂತೆ. ಸರಿ, ಒಪ್ಪಿದೆ. ಆದರೆ ಕುಳಿತವಳು ಎರಡಾದರೆ ಇಬ್ಬರೂ ಕುಳಿತಿರಬೇಕಲ್ಲ? ಜ್ವರದ ಕನವರಿಕೆ ಎಂದ ನಿಮ್ಮಪ್ಪ. ಇದ್ದೀತು. ನಿನಗಂತೂ ಏನೂ ನೆನಪಿಲ್ಲ. ಆಕೆ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಮಕ್ಕಳಿಗೆ ನೆಗಡಿಯ ಜೊತೆಗೆ ಕಣ್ಣು ಬಾತರೆ, ಬಾಗಿಲಲ್ಲಿ ಯಾರಾದರೂ ನಿಂತು ಕರೆಯಲಿ ಎಂದು ಕಾಯಬೇಡಿ.